ಗುಳೆ ಹೋದವರ ಮನೆಗಳು

ಅರಿಜೋನಾದ ಫೀನಿಕ್ಸಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಕಾಲುವೆ ಹರಿಯುತ್ತದೆ. ಬಾದಾಮಿ ಸೀಮೆಯ ನಮ್ಮ ಹಳ್ಳಿಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಅವ್ವ ದಿನಾ ಬೆಳಿಗ್ಗೆ ಅದರ ದಂಡೆಗುಂಟ ನಡೆದು ಬರುತ್ತಿದ್ದಳು. ಒಂದು ದಿನ ಬಂದವಳೇ ಕೇಳಿದಳು: "ತಮ್ಮಾ, ಮಳಿ ಇಲ್ಲದ ಊರಾಗ ಈ ಕಾಲುವಿ ಯಾರ ತೋಡ್ಯಾರೋ?"

ಕಾಲುವೆಯ ಸಿಮೆಂಟು ಈಚಿನದು. ಆದರೆ ಈ ಊರಿನ ಎಷ್ಟೋ ಕಾಲುವೆಗಳು ಹಿಡಿದಿರುವ ಜಾಡು ಹಳೆಯದು. ಪುರಾತತ್ವದವರು ಹೊಹೊಕಮ್ ಎಂದು ಕರೆಯುವ ಜನ ಸಾವಿರ ವರ್ಷಕ್ಕೂ ಹಿಂದೆ ಕಟ್ಟಿಗೆ, ಕಲ್ಲುಗಳ ಸಲಕರಣೆಯಿಂದಲೇ ನೆಲ ಅಗೆದು ಸಾಲ್ಟ್ ನದಿಯ ನೀರನ್ನು ಹೊಲಗಳಿಗೆ ತಂದಿದ್ದರು. ಸುಮಾರು 1450ರ ಹೊತ್ತಿಗೆ ಅವರ ಊರುಗಳು ಬರಿದಾದವು. 1860ರ ದಶಕದಲ್ಲಿ ಬಂದ ಬಿಳಿಯರು ಹೂಳು ತೆಗೆದು ಅದೇ ಜಾಡಿನಲ್ಲಿ ನೀರು ಹರಿಸಿದರು. ಹಳೆಯದೊಂದು ನಾಗರಿಕತೆಯ ಬೂದಿಯಿಂದ ಎದ್ದ ಊರು ಅಂತ ಫೀನಿಕ್ಸ್ ಎಂದು ಹೆಸರಿಟ್ಟರು.

"ಮತ್ತ ಆ ಮಂದಿ ಎಲ್ಲಿಗಿ ಹ್ವಾದ್ರು?"

"ಕಣ್ಮರೆ ಆದ್ರು ಅಂತ ಬರೀತಾರವ್ವಾ."

"ಮಂದಿ ಹೆಂಗ ಕಣ್ಮರಿ ಆಕ್ಕಾರಲೇ?"

ನನ್ನ ಬಳಿ ಉತ್ತರ ಇರಲಿಲ್ಲ. ಸೆಪ್ಟೆಂಬರಿನ ಕೊನೆಯ ವಾರ ರಜೆ ಹಾಕಿದೆ. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಅವ್ವ. ಏಳು ದಿನ, ನಾಲ್ಕು ರಾಜ್ಯ. ಅವ್ವ ಎರಡು ದಿನ ಒಲೆಯ ಮುಂದೆ ನಿಂತು ನಲವತ್ತು ಖಡಕ್ ರೊಟ್ಟಿ ಬಡಿದಳು. ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಡಬ್ಬಿ ಕೆಂಪು ಹಿಂಡಿ.

ಮೊದಲ ದಿನ

ಫೀನಿಕ್ಸಿನಿಂದ ಉತ್ತರಕ್ಕೆ ಹೊರಟರೆ ದಾರಿ ಏರುತ್ತಲೇ ಹೋಗುತ್ತದೆ. ಸಾವಿರ ಅಡಿಯ ಎತ್ತರದ ಊರು ಬಿಟ್ಟವರು 230 ಕಿ.ಮೀ. ಸಾಗುವಷ್ಟರಲ್ಲಿ ಏಳು ಸಾವಿರ ಅಡಿ ಎತ್ತರದ ಫ್ಲ್ಯಾಗ್‌ಸ್ಟಾಫ್ ಮುಟ್ಟಿರುತ್ತೀರಿ. ಮೊದಲು ಆಳೆತ್ತರದ ಸಗ್ವಾರೊ ಕಳ್ಳಿ, ಆಮೇಲೆ ಕುರುಚಲು, ಕಡೆಗೆ ಪೈನ್ ಕಾಡು.

ನಡುವೆ ಮಾಂಟೆಝುಮಾ ಕ್ಯಾಸಲ್. ಹಳ್ಳದ ದಂಡೆಯ ಸುಣ್ಣಕಲ್ಲಿನ ಗೋಡೆಯಲ್ಲಿ, ನೆಲದಿಂದ ಸುಮಾರು 90 ಅಡಿ ಮೇಲೆ, ಗೂಡಿನ ಹಾಗೆ ಕಟ್ಟಿದ ಐದು ಅಂತಸ್ತಿನ, ಇಪ್ಪತ್ತು ಕೋಣೆಗಳ ಮನೆ. ಅಜ್ಟೆಕ್ ದೊರೆ ಮಾಂಟೆಝುಮಾನಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿಯ ಜನ ಇಂಥದನ್ನು ಕಟ್ಟಿಯಾರು ಎಂದು ನಂಬದ ವಲಸಿಗರು ದೂರದ ಮೆಕ್ಸಿಕೋದ ರಾಜನ ಹೆಸರು ಅಂಟಿಸಿದರು. ಅದು ನನಗೆ ಇವತ್ತಿಗೂ ನೋವಿನ ವಿಷಯ. ಕಟ್ಟಿದ ಕೈಗಳಿಂದ ಕಟ್ಟಡವನ್ನು ಕಸಿದುಕೊಳ್ಳಲು ಒಂದು ತಪ್ಪು ಹೆಸರು ಸಾಕು. ಪುರಾತತ್ವದವರು ಆ ಜನರಿಗೆ ಇಟ್ಟ ಸಿನಾಗ್ವಾ ಎಂಬ ಹೆಸರೂ ಹೊರಗಿನದೇ. ಸ್ಪ್ಯಾನಿಷಿನಲ್ಲಿ 'ನೀರಿಲ್ಲದ' ಎಂದರ್ಥ.

ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಹಳ್ಳ ಕೆಳಗ, ಹೊಲ ಕೆಳಗ, ಮನಿ ಮ್ಯಾಲ. ನೀರ ಏರಿದ್ರೂ ಕಾಳ ತೊಯ್ಯೂದಿಲ್ಲ. ಶ್ಯಾಣ್ಯಾ ಮಂದಿ." ಫಲಕದಲ್ಲಿ ಬರೆದದ್ದೂ ಹೆಚ್ಚುಕಡಿಮೆ ಅದನ್ನೇ.

ಫ್ಲ್ಯಾಗ್‌ಸ್ಟಾಫ್ ದಾಟಿ ವುಪಾಟ್ಕಿಗೆ ಹೋದೆವು. ಹನ್ನೊಂದನೆಯ ಶತಮಾನದಲ್ಲಿ ಇಲ್ಲಿ ಸನ್‌ಸೆಟ್ ಕ್ರೇಟರ್ ಎಂಬ ಜ್ವಾಲಾಮುಖಿ ಸಿಡಿಯಿತು. ಸುತ್ತಲಿನ ನೆಲಕ್ಕೆಲ್ಲ ಕರಿ ಬೂದಿ ಹಾಸಿತು. ಹಾಳಾಗಬೇಕಿದ್ದ ಆ ನೆಲದಲ್ಲಿ ಬೂದಿಯ ತೆಳುವಾದ ಹೊದಿಕೆ ತೇವವನ್ನು ಹಿಡಿದಿಟ್ಟುಕೊಂಡಿತು. ಹನ್ನೆರಡನೆಯ ಶತಮಾನದಲ್ಲಿ ಜನ ಇಲ್ಲಿ ಕೆಂಪು ಮರಳುಗಲ್ಲಿನ ನೂರು ಕೋಣೆಗಳ ಮನೆ ಕಟ್ಟಿದರು. ಅಗೆದಾಗ ದೂರದ ದಕ್ಷಿಣದಿಂದ ತಂದ ಕೆಂಪು ಪಂಚರಂಗಿ ಗಿಳಿಗಳ ಎಲುಬು ಸಿಕ್ಕಿವೆ. ಅಂಗಳದ ಆಚೆ ನೆಲದಲ್ಲೊಂದು ಕಿಂಡಿಯಿದೆ. ನೆಲದಡಿಯ ಬಿರುಕುಗಳ ತಂಪು ಗಾಳಿ ಅದರಿಂದ ಹೊರಗೆ ಬೀಸುತ್ತದೆ. ಮಗಳು ಅದರ ಮೇಲೆ ಬಗ್ಗಿ ಕೂದಲು ಹಾರಿಸಿಕೊಂಡು ಅರ್ಧ ತಾಸು ಅಲ್ಲೇ ಕುಳಿತಳು.

ಇಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊ ಶಿಖರಗಳು ಕಾಣುತ್ತವೆ. ತುದಿ 12,633 ಅಡಿ. ಮಳೆ ತರುವ ಕಚೀನಾ ಎಂಬ ದೈವಗಳು ವರ್ಷದ ಅರ್ಧ ಕಾಲ ಆ ಶಿಖರಗಳಲ್ಲಿ ಇರುತ್ತಾರೆ, ಉಳಿದರ್ಧ ಊರಿಗೆ ಬಂದು ಕುಣಿಯುತ್ತಾರೆ ಎಂಬುದು ಇಲ್ಲಿಯ ಮೂಲನಿವಾಸಿಗಳಾದ ಹೋಪಿ ಜನರ ನಂಬಿಕೆ. ಅವ್ವನಿಗೆ ಹೇಳಿದೆ. ಮಳೆ ಕೈಕೊಟ್ಟ ವರ್ಷ ಮಳೆದೇವರು ಗುರ್ಜಿಯನ್ನು ತಲೆಯ ಮೇಲೆ ಹೊತ್ತು, ಮನೆ ಮನೆಯವರಿಂದ ನೀರು ಹಾಕಿಸಿಕೊಂಡು ಓಡಾಡಿದ್ದನ್ನು ನೆನೆಸಿಕೊಂಡು ಅವಳು ಆ ಗುಡ್ಡಕ್ಕೆ ಕೈ ಮುಗಿದಳು.

ಎರಡನೆಯ ದಿನ

ಗ್ರ್ಯಾಂಡ್ ಕ್ಯಾನಿಯನ್ನಿನ ಬಗ್ಗೆ ಕನ್ನಡದಲ್ಲಿ ಬರೆದವರು ಬಹಳ. 446 ಕಿ.ಮೀ. ಉದ್ದ, ಒಂದೂವರೆ ಕಿಲೋಮೀಟರಿಗೂ ಮಿಕ್ಕ ಆಳ, ತಳದಲ್ಲಿ 170 ಕೋಟಿ ವರ್ಷ ಹಳೆಯ ಕಲ್ಲು. ಆ ತಳದ ಕಲ್ಲಿಗೆ ವಿಷ್ಣು ಶಿಸ್ಟ್ ಎಂದು ಹೆಸರು. 1880ರ ದಶಕದಲ್ಲಿ ಇಲ್ಲಿ ಅಳತೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟ್ಟನ್ ಕಣಿವೆಯೊಳಗಿನ ಕಲ್ಲುಗೋಪುರಗಳಿಗೆ ವಿಷ್ಣು ದೇಗುಲ, ಶಿವ ದೇಗುಲ ಎಂದೆಲ್ಲ ಹೆಸರಿಟ್ಟ. ನಮ್ಮವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಇದಕ್ಕೆ ಮೊದಲೇ ಈ ಕಣಿವೆಗೆ ತನ್ನವರಿದ್ದರು, ತನ್ನದೇ ಹೆಸರುಗಳಿದ್ದವು ಎಂಬುದು ನೆನಪಾದಾಗ ನನಗೆ ಆ ಹೆಮ್ಮೆ ಪಡಲು ಮನಸ್ಸಾಗುವುದಿಲ್ಲ.

ಪೂರ್ವದ ತುದಿಯಲ್ಲಿ ಡೆಸರ್ಟ್ ವ್ಯೂ ಗೋಪುರವಿದೆ. ಮೇರಿ ಕೋಲ್ಟರ್ ಎಂಬ ವಾಸ್ತುಶಿಲ್ಪಿ ಪುಯೆಬ್ಲೊ ಎಂಬ ಇಲ್ಲಿಯ ಮೂಲನಿವಾಸಿಗಳ ಪ್ರಾಚೀನ ಗೋಪುರಗಳನ್ನು ಅಭ್ಯಾಸ ಮಾಡಿ ವಿನ್ಯಾಸ ಮಾಡಿದ್ದು, 1932ರಲ್ಲಿ ಮುಗಿಯಿತು. ಒಳಗೋಡೆಯ ಚಿತ್ರಗಳು ಹೋಪಿ ಕಲಾವಿದ ಫ್ರೆಡ್ ಕಬೋಟಿಯವು. ಹೋಪಿಗಳು ಈ ಕಣಿವೆಯೊಳಗಿನ ಒಂದು ಜಾಗದಿಂದಲೇ ತಮ್ಮ ಪೂರ್ವಿಕರು ಕೆಳಗಿನ ಲೋಕದಿಂದ ಮೇಲಕ್ಕೆ ಬಂದರು ಎನ್ನುತ್ತಾರೆ. "ಹಂಗಾರ ಇದು ಅವರ ತವರಮನಿ," ಎಂದಳು ಅವ್ವ. ಆಮೇಲೆ ಕಣಿವೆಯ ಅಂಚಿನಲ್ಲಿ ಕುಳಿತು ರೊಟ್ಟಿ ತಿನ್ನುವಾಗ ಒಂದು ಚೂರೂ ಕೆಳಗೆ ಬೀಳದಂತೆ ಸೆರಗು ಹಾಸಿಕೊಂಡಳು.

ರಾತ್ರಿ ಟ್ಯೂಬಾ ಸಿಟಿಯಲ್ಲಿ ತಂಗಿದೆವು. ಇದು ನವಾಹೋ ಎಂಬ ಮೂಲನಿವಾಸಿಗಳ ರಾಷ್ಟ್ರ. ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ದೊಡ್ಡದು. ತನ್ನದೇ ಸರ್ಕಾರ, ಪೊಲೀಸ್ ಇರುವ ನಾಡು. ಬೇಸಿಗೆಯಲ್ಲಿ ನವಾಹೋಗಳು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಅರಿಜೋನಾದ ಉಳಿದವರು, ಹೋಪಿಗಳು ಇಡುವುದಿಲ್ಲ. ಹೆದ್ದಾರಿಯ ಈಚೆ ಟ್ಯೂಬಾ ಸಿಟಿ, ಆಚೆ ಹೋಪಿಗಳ ಮೊಯೆನ್ಕೋಪಿ. ರಸ್ತೆ ದಾಟಿದರೆ ಒಂದು ಗಂಟೆ ಹಿಂದಕ್ಕೆ. ಮಗಳು ಊಟಕ್ಕೆ ಮೊದಲೊಮ್ಮೆ, ಊಟವಾದ ಮೇಲೊಮ್ಮೆ ದಾಟಿಸಿಕೊಂಡು ಬಂದಳು.

ಮೂರನೆಯ ದಿನ

ಮಾನ್ಯುಮೆಂಟ್ ವ್ಯಾಲಿಯ 27 ಕಿ.ಮೀ. ಮಣ್ಣಿನ ಸುತ್ತುದಾರಿಯಲ್ಲಿ ಕಾರು ಕುಣಿಯುತ್ತ ಹೋಯಿತು. ಬಯಲಿನಿಂದ ನೇರ ಎದ್ದ ಕೆಂಪು ಬಂಡೆಗಳು. ಎರಡು ಬಂಡೆಗಳಂತೂ ಹೆಬ್ಬೆರಳು ಚಾಚಿದ ಕೈಗಳ ಹಾಗೆ ಎದುರುಬದುರು ನಿಂತಿವೆ. ಬಾದಾಮಿಯ ಬಂಡೆಯ ಬಣ್ಣವೇ. ಆದರೆ ಬಾದಾಮಿಯಲ್ಲಿ ಬಂಡೆಯ ಬುಡಕ್ಕೆ ಕೆರೆ ಇದೆ, ಮಳೆಗಾಲದಲ್ಲಿ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಇಲ್ಲಿ ಬುಡದಲ್ಲಿಯೂ ಮರಳೇ.

ಬಾಗಿಲು ಪೂರ್ವಕ್ಕಿರುವ, ಮಣ್ಣು ಮೆತ್ತಿದ ಹೋಗನ್ ಮನೆಯೊಂದರಲ್ಲಿ ಒಬ್ಬ ನವಾಹೋ ಅಜ್ಜಿ ಕಂಬಳಿ ನೇಯುತ್ತಿದ್ದರು. ಮಗ್ಗ ಗೋಡೆಯ ಹಾಗೆ ನಿಂತಿತ್ತು. ಗುಳೇದಗುಡ್ಡದ ಗುಂಡಿ ಮಗ್ಗ ನೋಡಿ ಬೆಳೆದ ಅವ್ವ ಎದುರು ಕುಳಿತು ನೂಲನ್ನು ಬೆರಳಲ್ಲಿ ಹೊಸೆದು ನೋಡಿದಳು. ಆ ಅಜ್ಜಿ ಅವ್ವನ ಇಳಕಲ್ ಸೀರೆಯ ಸೆರಗನ್ನು ಎಳೆದುಕೊಂಡು ನೋಡಿದರು. ಹತ್ತು ನಿಮಿಷ ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ.

ಮಧ್ಯಾಹ್ನ ತಿಂದದ್ದು ಎಣ್ಣೆಯಲ್ಲಿ ಕರಿದ ಮೈದಾ ರೊಟ್ಟಿ. ಈಗ ಇದನ್ನು ನವಾಹೋ ಅಡುಗೆ ಎನ್ನುತ್ತಾರೆ. 1864ರಲ್ಲಿ ಅಮೆರಿಕದ ಸೈನ್ಯ ಸಾವಿರಾರು ನವಾಹೋಗಳನ್ನು ಅವರ ನೆಲದಿಂದ ಎಬ್ಬಿಸಿ, ಸುಮಾರು 500 ಕಿ.ಮೀ. ದೂರದ ಬೋಸ್ಕ್ ರೆಡೊಂಡೊ ಎಂಬ ಶಿಬಿರಕ್ಕೆ ನಡೆಸಿಕೊಂಡು ಹೋಯಿತು. ಅಲ್ಲಿ ರೇಶನ್ನಿನಲ್ಲಿ ಕೊಟ್ಟ ಮೈದಾ, ಕೊಬ್ಬುಗಳಿಂದ ಹುಟ್ಟಿದ ತಿನಿಸಂತೆ ಇದು. 1868ರ ಒಪ್ಪಂದದ ನಂತರ ಅವರು ನಡೆದೇ ಊರಿಗೆ ಮರಳಿದರು. ಇದನ್ನೆಲ್ಲ ಕೇಳಿದ ಅವ್ವ ಕೈಯಲ್ಲಿದ್ದ ತುಂಡನ್ನು ಬಹಳ ಹೊತ್ತು ತಿನ್ನಲಿಲ್ಲ.

ಸಂಜೆ ಯೂಟಾದ ಮೆಕ್ಸಿಕನ್ ಹ್ಯಾಟ್ ಎಂಬ ಊರು ದಾಟಿ, ಸ್ಯಾನ್ ಹುವಾನ್ ನದಿ ಸಾವಿರ ಅಡಿ ಆಳದಲ್ಲಿ ಹಾವಿನಂತೆ ಮಡಿಚಿಕೊಂಡಿರುವುದನ್ನು ನೋಡಿ, ಕತ್ತಲಾದ ಮೇಲೆ ಕೊಲೊರಾಡೊದ ಕಾರ್ಟೆಜ್ ಸೇರಿದೆವು.

ನಾಲ್ಕನೆಯ ದಿನ

ಮೆಸಾ ವರ್ಡೆ. ಇದಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು.

ಎಂಟು ಸಾವಿರ ಅಡಿಯವರೆಗೆ ಏರುವ ಹಸಿರು ದಿಬ್ಬ. ಅದನ್ನು ಕಣಿವೆಗಳು ಬೆರಳು ಬೆರಳಾಗಿ ಸೀಳಿವೆ. ಕಣಿವೆಯ ಅಂಚಿನ ಕೆಳಗೆ ಮರಳುಗಲ್ಲಿನಲ್ಲಿ ದೊಡ್ಡ ದೊಡ್ಡ ಪೊಟರೆಗಳು. ಬಾದಾಮಿ ಬಳಿಯ ಸಿಡಿಲಪಡಿಯ ಬಂಡೆಯಡಿ ನಿಂತವರಿಗೆ ಅಂದಾಜಾಗುತ್ತದೆ. ದಿಬ್ಬದ ಮೇಲೆ ಬಿದ್ದ ಮಳೆ, ಹಿಮ ಮರಳುಗಲ್ಲಿನೊಳಗೆ ಇಳಿಯುತ್ತದೆ. ಕೆಳಗೆ ನೀರು ಬಿಡದ ಜೇಡಿಪದರ ಅಡ್ಡ ಬಂದಲ್ಲಿ ಪಕ್ಕಕ್ಕೆ ಹರಿದು, ಕಲ್ಲನ್ನು ಸಡಿಲಿಸಿ ಉದುರಿಸುತ್ತದೆ. ಪೊಟರೆ ಆದದ್ದು ಹೀಗೆ. ಅದರ ಹಿಂಗೋಡೆಯಲ್ಲಿ ಜಿನುಗುವ ಒರತೆಯೂ ಅದೇ ನೀರು. ಮನೆ ಕಟ್ಟಲು ಜಾಗ ಕೊಟ್ಟ ನೀರೇ ಕುಡಿಯಲೂ ಆಯಿತು.

ಈ ರಾಷ್ಟ್ರೀಯ ಉದ್ಯಾನದಲ್ಲಿ ಇಂಥ ಸುಮಾರು 600 ಬಂಡೆಮನೆಗಳಿವೆ. ಎಲ್ಲಕ್ಕೂ ದೊಡ್ಡದು ಕ್ಲಿಫ್ ಪ್ಯಾಲೆಸ್: ಸುಮಾರು 150 ಕೋಣೆ, ಇಪ್ಪತ್ತಕ್ಕೂ ಹೆಚ್ಚು ಕಿವಾ, ಅಂದರೆ ಪೂಜೆ-ಕೂಟಗಳ ಕೋಣೆ. ಎರಡು ವಾರ ಮೊದಲೇ ಟಿಕೆಟ್ ಹಿಡಿದಿದ್ದೆ. ಏಣಿ ಹತ್ತಬೇಕಾದ್ದರಿಂದ ಅವ್ವ, ನನ್ನ ಹೆಂಡತಿ ಮ್ಯೂಸಿಯಂ ಬಳಿ ಉಳಿದರು. ನಾನು, ಮಗಳು ಒಬ್ಬ ರೇಂಜರ್ ಹಿಂದೆ ಇಳಿದೆವು. ಹತ್ತಿರ ಹೋದಾಗ ಕಣ್ಣಿಗೆ ಬಿದ್ದದ್ದು ಗಾತ್ರವಲ್ಲ, ಸಣ್ಣ ಸಣ್ಣ ಗುರುತು. ಕಲ್ಲಿನ ಸಂದಿಗೆ ಒತ್ತಿದ ಗಾರೆಯಲ್ಲಿ ಇನ್ನೂ ಉಳಿದಿರುವ ಬೆರಳಚ್ಚು. ಹಿಂಬದಿಯ ಚಾವಣಿಯಲ್ಲಿ ಹೊಗೆಯ ಮಸಿ. ನೆಲದೊಳಗೆ ದುಂಡಗೆ ಕಟ್ಟಿದ ಕಿವಾದ ನಡುವೆ ಬೆಂಕಿಗುಂಡಿ; ಗಾಳಿ ಒಳಬರಲು ಕೊಳವೆ, ಆ ಗಾಳಿ ನೇರ ಬೆಂಕಿಗೆ ಬಡಿಯದಂತೆ ಅಡ್ಡಗಲ್ಲು; ಮತ್ತೆ ಸಿಪಾಪು ಎಂಬ ಪುಟ್ಟ ಕುಳಿ, ಪೂರ್ವಿಕರು ಕೆಳಗಿನ ಲೋಕದಿಂದ ಬಂದ ದಾರಿಯ ನೆನಪಿಗೆ.

ಇಲ್ಲಿನ ಕಟ್ಟಡ ಹೆಚ್ಚಾಗಿ ಎದ್ದದ್ದು 1190ರಿಂದ 1280ರ ನಡುವೆ. ಇಷ್ಟು ಖಚಿತವಾಗಿ ಹೇಳಬಲ್ಲೆವು, ಏಕೆಂದರೆ ತೊಲೆಗಳ ಮರದ ಉಂಗುರಗಳನ್ನು ಎಣಿಸಿದ್ದಾರೆ. ಮಳೆ ಚೆನ್ನಾದ ವರ್ಷ ಉಂಗುರ ಅಗಲ, ಬರದ ವರ್ಷ ಸಪೂರ. ಎ.ಇ. ಡಗ್ಲಸ್ ಎಂಬ ಖಗೋಳ ವಿಜ್ಞಾನಿ ಶುರು ಮಾಡಿದ ಈ ಲೆಕ್ಕ 1929ರಲ್ಲಿ ಒಂದು ಸುಟ್ಟ ತೊಲೆಯ ತುಂಡಿನಿಂದ ಪೂರ್ತಿ ಕೂಡಿಕೊಂಡಿತು. 1276ರಿಂದ 1299ರವರೆಗೆ ಉಂಗುರಗಳು ಸಪೂರ. 1300ರ ಹೊತ್ತಿಗೆ ಈ ಮನೆಗಳಲ್ಲಿ ಯಾರೂ ಇರಲಿಲ್ಲ. ಬರವೊಂದೇ ಕಾರಣವಲ್ಲ, ಹಿಂದೆಯೂ ಬರಗಳನ್ನು ದಾಟಿದವರು ಅವರು ಎಂದು ರೇಂಜರ್ ಹೇಳಿದರು. ಜನ ಹೆಚ್ಚಾಗಿದ್ದರು, ಸೌದೆ ಮುಗಿದಿತ್ತು, ಜಗಳಗಳಿದ್ದವು, ದಕ್ಷಿಣದಲ್ಲಿ ನಂಟರಿದ್ದರು. ಹಿಂದೆ ಇವರನ್ನು ಅನಸಾಜಿ ಎನ್ನುತ್ತಿದ್ದರು. ಅದು 'ಶತ್ರುಗಳ ಪೂರ್ವಿಕರು' ಎಂಬ ಅರ್ಥ ಬರುವ ನವಾಹೋ ಮಾತು. ವಂಶದವರಿಗೆ ಹಿಡಿಸದ್ದರಿಂದ ಈಗ 'ಪುಯೆಬ್ಲೊ ಪೂರ್ವಿಕರು' ಎನ್ನುವುದು ರೂಢಿ. ಹೋಪಿ, ಝೂನಿ, ರಿಯೊ ಗ್ರಾಂಡೆ ದಂಡೆಯ ಪುಯೆಬ್ಲೊಗಳು, ಇವರೆಲ್ಲ ಅವರ ಮಕ್ಕಳು ಮರಿಮಕ್ಕಳೇ.

ಮೇಲೆ ಬಂದಾಗ ಅವ್ವ ಮ್ಯೂಸಿಯಂನಲ್ಲಿ ಒಂದು ಗಾಜಿನ ಮುಂದೆ ನಿಂತಿದ್ದಳು. ಒಳಗೆ ಮೆಕ್ಕೆಜೋಳ ಅರೆಯುವ ಕಲ್ಲು, ನಡುವೆ ದೋಣಿಯಂತೆ ಸವೆದದ್ದು.

"ತಮ್ಮಾ, ಇದನ್ನ ಯಾಕ ಒಯ್ದಿಲ್ಲ ಅವರು?"

"ಭಾರ ಇರಬೇಕವ್ವಾ. ನೂರಾರು ಮೈಲಿ ನಡಕೊಂಡು ಹೋದವ್ರು."

ಅವಳು ಗಾಜಿನ ಮೇಲೆ ಕೈ ಇಟ್ಟಳು. "1972ರ ಬರದಾಗ ನಾವೂ ಬಿಟ್ಟ ಹೋಗಿದ್ವಿ. ನಾ ಹನ್ನೆಲ್ಡ ವರ್ಷದಾಕಿ. ನಮ್ಮವ್ವ ಬೀಸೂಕಲ್ಲ ಎತ್ತಿ ನೋಡಿದ್ಲು, ಆಗಲಿಲ್ಲ. ಗೂಟ ಅಷ್ಟ ಕಿತ್ತು ಗಂಟಿನ್ಯಾಗ ಕಟಗೊಂಡ್ಲು. ಗೂಟ ನಮ್ಮ ಕೈಯಾಗ ಇದ್ರ ಕಲ್ಲ ಯಾರೂ ಒಯ್ಯೂದಿಲ್ಲ ಅಂದ್ಲು." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ಕಣ್ಮರಿ ಗಿಣ್ಮರಿ ಏನೂ ಇಲ್ಲ. ಇವರು ಗುಳೇ ಹೋಗ್ಯಾರ."

ಇಂಗ್ಲಿಷಿನಲ್ಲಿ ಎಷ್ಟು ಓದಿದರೂ ನನಗೆ ಸಿಗದ ಮಾತು ಅದು. ನಮ್ಮ ಕಡೆ ಗುಳೆ ಹೋದ ಮನೆಯನ್ನು ಯಾರೂ ಹಾಳುಮನೆ ಎನ್ನುವುದಿಲ್ಲ. ಬಾಗಿಲಿಗೆ ಮುಳ್ಳುಕಂಟಿ ಬಡಿದಿರುತ್ತದೆ, ಅಷ್ಟೇ. 1888ರ ಡಿಸೆಂಬರಿನಲ್ಲಿ ಹಸು ಹುಡುಕುತ್ತ ಬಂದ ಇಬ್ಬರು ದನಗಾಹಿಗಳು ಕ್ಲಿಫ್ ಪ್ಯಾಲೆಸ್ಸನ್ನು 'ಕಂಡುಹಿಡಿದರು' ಎಂದು ಬರೆಯುತ್ತ ಬಂದಿದ್ದಾರೆ. ಆಮೇಲೆ ಮಡಕೆ, ಬುಟ್ಟಿಗಳಷ್ಟೇ ಅಲ್ಲ, ಸಮಾಧಿಯ ಎಲುಬುಗಳೂ ಮಾರಾಟಕ್ಕೆ ಹೋದವು. 1891ರಲ್ಲಿ ಸ್ವೀಡನ್ನಿನ ಸಂಶೋಧಕ ಗುಸ್ತಾಫ್ ನೂರ್ಡೆನ್‌ಶೋಲ್ಡ್ ಅಗೆದು ಒಯ್ದ ಸಾಮಗ್ರಿ ಫಿನ್ಲೆಂಡಿನ ಮ್ಯೂಸಿಯಂ ಸೇರಿತ್ತು. ಅದರಲ್ಲಿದ್ದ ಪೂರ್ವಿಕರ ಎಲುಬುಗಳು 2020ರಲ್ಲಿ ಮರಳಿ ಬಂದು ಇದೇ ಮಣ್ಣು ಸೇರಿದವು. ಮುಳ್ಳುಕಂಟಿ ಬಡಿದ ಮನೆಗೆ ನುಗ್ಗುವುದನ್ನು ನಮ್ಮ ಹಳ್ಳಿಯಲ್ಲಿ ಏನೆನ್ನುತ್ತಾರೋ ಇಲ್ಲಿಯೂ ಅದನ್ನೇ ಅನ್ನಬೇಕು.

ಐದನೆಯ ದಿನ

ಡುರಾಂಗೊದಿಂದ ಸಿಲ್ವರ್ಟನ್ನಿಗೆ ಬೆಟ್ಟದ ದಾರಿ. ಆಸ್ಪೆನ್ ಮರಗಳು ಪೂರ್ತಿ ಹಳದಿಗೆ ತಿರುಗಿದ್ದವು. ಗಾಳಿ ಬಂದಾಗಲೆಲ್ಲ ಇಡೀ ಗುಡ್ಡಕ್ಕೆ ಭಂಡಾರ ಎರಚಿದಂತೆ. ಮೈಲಾರಲಿಂಗನ ಜಾತ್ರೆ, ಎಂದಳು ಅವ್ವ. ಮುಂದಿನ ರೆಡ್ ಮೌಂಟನ್ ಘಾಟು 11,018 ಅಡಿ. ಸಿಲ್ವರ್ಟನ್ನಿನಲ್ಲೇ ಅವ್ವನಿಗೆ ತಲೆಶೂಲೆ, ಏದುಸಿರು ಶುರುವಾದ್ದರಿಂದ ಅಲ್ಲಿಂದಲೇ ಕೆಳಗಿಳಿದೆವು. ಡುರಾಂಗೊ ತಲುಪುವಷ್ಟರಲ್ಲಿ ಚಹಾ ಕೇಳಿದಳು.

ಆರನೆಯ ದಿನ

ನ್ಯೂ ಮೆಕ್ಸಿಕೋದ ಶಿಪ್‌ರಾಕ್ ದಾಟಿ ಮತ್ತೆ ಅರಿಜೋನಾದ ಚಿನ್ಲಿಗೆ. ಕ್ಯಾನಿಯನ್ ಡಿ ಶೇ ಕಣಿವೆಯನ್ನು ಮೇಲಿನ ಅಂಚಿನಿಂದ ನೋಡಿದೆವು. ಕೆಳಗೆ ನವಾಹೋ ಕುಟುಂಬಗಳ ಹೊಲ, ಕುರಿದೊಡ್ಡಿ. ಗೋಡೆಯ ಪೊಟರೆಯಲ್ಲಿ ಹಳೆಯ ಪುಯೆಬ್ಲೊ ಮನೆ. ಕಣಿವೆಯ ನಡುವೆ ಒಂಟಿಯಾಗಿ ನಿಂತ ಸ್ಪೈಡರ್ ರಾಕ್. ನೇಯ್ಗೆ ಕಲಿಸಿದ ಜೇಡರ ತಾಯಿಯ ಮನೆ ಅದರ ತುದಿಯಲ್ಲಿದೆ ಎಂದು ನವಾಹೋಗಳು ಹೇಳುತ್ತಾರೆ. 1864ರಲ್ಲಿ ಸೈನ್ಯ ಈ ಕಣಿವೆಯ ಸಾವಿರಾರು ಪೀಚ್ ಮರಗಳನ್ನು ಕಡಿದುಹಾಕಿತು. ಮರಳಿ ಬಂದವರು ಮತ್ತೆ ನೆಟ್ಟರು. ಅವ್ವ ಅಂಚಿನ ಗೋಡೆ ಹಿಡಿದು ಕೆಳಗಿನ ಹೊಲಗಳನ್ನೇ ನೋಡುತ್ತಿದ್ದಳು. ಮರ ಕಡಿದ ಮಾತು ಬಂದಾಗ ಮಾತ್ರ "ಮರ ಏನ ಮಾಡಿತ್ತು?" ಎಂದಳು.

ಏಳನೆಯ ದಿನ

ಹೋಪಿಗಳ ಮೂರು ದಿಬ್ಬಗಳು ನವಾಹೋ ನಾಡಿನ ನಡುವೆ ಒಂದು ನಡುಗಡ್ಡೆಯಂತಿವೆ. ಇಲ್ಲಿಯ ಓರೈಬಿಯಲ್ಲಿ ಸುಮಾರು 1100ರಿಂದ ಜನವಸತಿ ತಪ್ಪಿಲ್ಲ. ನಮ್ಮ ಕಡೆ ಕಲ್ಯಾಣದ ಚಾಲುಕ್ಯರಿದ್ದ ಕಾಲದಿಂದ ಒಲೆ ಆರಿಲ್ಲ ಎಂದಾಯಿತು. ಫೋಟೋ ತೆಗೆಯುವುದು, ಧ್ವನಿ ಮುದ್ರಿಸುವುದು, ಚಿತ್ರ ಬರೆದುಕೊಳ್ಳುವುದು ಕೂಡ ನಿಷಿದ್ಧ. ಫೋನುಗಳನ್ನು ಕಾರಿನಲ್ಲೇ ಇಟ್ಟೆವು.

ದಿಬ್ಬದ ಕೆಳಗೆ ಮರಳಿನಲ್ಲಿ ಹೊಲಗಳು. ಮಂಡಿಯೆತ್ತರದ ಮೆಕ್ಕೆಜೋಳ ಗುಂಪು ಗುಂಪಾಗಿ, ಒಂದು ಗುಂಪಿಗೂ ಇನ್ನೊಂದಕ್ಕೂ ಎರಡು ಮಾರು ಅಂತರ. ಕಾಲುವೆಯೂ ಇಲ್ಲ, ಬೋರೂ ಇಲ್ಲ. ಚಳಿಗಾಲದ ಹಿಮ ಮರಳಿನೊಳಗೆ ಬಿಟ್ಟುಹೋದ ತೇವ ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ, ಗೇಣುದ್ದ ಆಳಕ್ಕೆ ಕೋಲಿನಿಂದ ಕುಳಿ ತೋಡಿ ಬೀಜ ಇಡುತ್ತಾರೆ. ಅವ್ವ ಕಾರು ನಿಲ್ಲಿಸಲು ಹೇಳಿ ರಸ್ತೆಯಂಚಿನಿಂದಲೇ ನೋಡಿದಳು. "ನಮ್ಮ ಹಿಂಗಾರಿ ಜೋಳ ಇದ್ದಂಗ. ಮ್ಯಾಲ ಮಳಿ ಇಲ್ಲ, ಒಳಗ ಹಸಿ ಐತಿ."

ಎರಡನೆಯ ದಿಬ್ಬದ ಮೇಲೆ ಒಂದು ಮನೆಯ ಮುಂದೆ 'ಪೀಕಿ' ಎಂದು ರಟ್ಟಿನ ಮೇಲೆ ಬರೆದಿತ್ತು. ನೀಲಿ ಮೆಕ್ಕೆಜೋಳದ ಹಿಟ್ಟು, ಬೂದಿ, ನೀರು. ಕಾದ ಕಲ್ಲಿನ ಮೇಲೆ ಬರಿಗೈಯಿಂದ ಹಿಟ್ಟು ಸವರಿ, ಕಾಗದಕ್ಕಿಂತ ತೆಳ್ಳಗೆ ಎತ್ತಿ, ಸುರುಳಿ ಸುತ್ತುವ ರೊಟ್ಟಿ. ಮನೆಯಾಕೆಗೆ ಅವ್ವನದೇ ವಯಸ್ಸು. ಅವ್ವ ಒಂದು ತುಂಡು ಬಾಯಿಗಿಟ್ಟುಕೊಂಡು, ಏನೂ ಹೇಳದೆ ಕಾರಿಗೆ ಹೋಗಿ ರೊಟ್ಟಿಯ ಡಬ್ಬಿ ತಂದಳು. ಏಳು ರೊಟ್ಟಿ ಉಳಿದಿದ್ದವು. ಎಲ್ಲವನ್ನೂ ಶೇಂಗಾ ಹಿಂಡಿಯೊಂದಿಗೆ ಆಕೆಯ ಮುಂದಿಟ್ಟಳು. ಆಕೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಮುರಿದು, ಮೂಸಿ, ಯಾವ ಕಾಳು ಎಂದು ಕೇಳಿದರು.

ಮಾತು ದಾಟಿಸಿದ್ದು ನನ್ನ ಮಗಳು. "ಆಯಿ ಕೇಳ್ತಿದಾಳೆ, ಮೆಸಾ ವರ್ಡೆಯಲ್ಲಿದ್ದವರು ನಿಮ್ಮ ಹಿರಿಯರಾ ಅಂತ." ಹೌದು ಎಂದರು ಆಕೆ. ಜನ ಅವನ್ನು ಹಾಳುಬಿದ್ದ ಊರು ಅನ್ನುತ್ತಾರೆ, ನಾವು ಹೆಜ್ಜೆಗುರುತು ಅನ್ನುತ್ತೇವೆ, ಹಿರಿಯರು ಇನ್ನೂ ಅಲ್ಲಿದ್ದಾರೆ ಎಂದರು. ಅವ್ವ ಮತ್ತೇನೋ ಹೇಳಿದಳು. ಮಗಳು ನನ್ನ ಕಡೆ ತಿರುಗಿ, "ಅಪ್ಪಾ, ಗುಳೆಗೆ ಇಂಗ್ಲಿಷಿನಲ್ಲಿ ಏನಂತಾರೆ?" ಎಂದಳು. ನನಗೂ ಹೊಳೆಯಲಿಲ್ಲ. ಕಡೆಗೆ ಅವಳೇ ಹೇಳಿದಳು: ಮಳೆ ಇಲ್ಲದಾಗ ಎಲ್ಲರೂ ಮನೆ ಬಿಟ್ಟು ಹೋಗುವುದು, ಕಲ್ಲು ಬಿಟ್ಟು ಗೂಟ ತೆಗೆದುಕೊಂಡು ಹೋಗುವುದು.

ಆಕೆ ಅವ್ವನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಕರೆದರು. ಮೂಲೆಯಲ್ಲಿ ಓರೆಯಾಗಿ ಹೂತ ಅರೆಯುವ ಕಲ್ಲು, ಪಕ್ಕದಲ್ಲಿ ಬುಟ್ಟಿ ತುಂಬ ನೀಲಿ ಕಾಳು. ಅಜ್ಜಿಯ ಕಾಲದ್ದಂತೆ. ಅವ್ವ ಸೀರೆ ಮೇಲೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕುಳಿತು, ಕಲ್ಲಿನ ಮೈಮೇಲೆ ಅಂಗೈ ಆಡಿಸಿದಳು. ಬೆರಳ ತುದಿಗೆ ಹಿಟ್ಟು ಹತ್ತಿತು. "ಹೊಸದಾಗಿ ಉಳಿ ಹಾಕಿಸ್ಯಾರ," ಎಂದಳು ನನಗೆ. "ದಿನಾ ಬೀಸೂ ಕಲ್ಲಿದು."

ಆಕೆ ಒಂದು ಹಿಡಿ ಕಾಳು ಕಲ್ಲಿನ ಮೇಲೆ ಸುರಿದು, ಗುಂಡನ್ನು ಅವ್ವನ ಕೈಗೆ ಕೊಟ್ಟರು.